ಮುಸ್ವೆಯ ಎಡಗೈ

ಆ ಸೀಮೆಯ ಕಚೇರಿಯಲ್ಲಿ ಹಳೆಯ ಕಾಗದದ ಕಟ್ಟುಗಳನ್ನು ಬಿಚ್ಚಿ ಓದುತ್ತ ಹೋದರೆ ಎಂಥವನಿಗೂ ಒಂದು ಅನುಮಾನ ಬರಬೇಕು. ಇಲ್ಲಿನ ದೊಡ್ಡ ಶ್ರೀಮಂತ, ದೊಡ್ಡ ಜಗಳಗಂಟ, ಅತಿ ಹೆಚ್ಚು ಏಟು ತಿಂದವ, ಮೂವರೂ ಒಬ್ಬನೇ ಇದ್ದಾನಲ್ಲ! ಗದ್ದೆ ಕೊಂಡವನು ಮುಸ್ವೆ, ಮಾರಿದವನು ಮುಸ್ವೆ. ಕಾಲುವೆಯ ನೀರಿಗಾಗಿ ಕೆಳಗಿನ ಹಳ್ಳಿಯ ಮೇಲೆ ದೂರು ಕೊಟ್ಟವನು ಮುಸ್ವೆ. ಕಂದಾಯದ ಭತ್ತ ತಡವಾಯಿತೆಂದು ಹತ್ತು ಏಟು ತಿಂದವನೂ ಮುಸ್ವೆಯೇ. ನಿಜದಲ್ಲಿ ಅವನಿಗೆ ಸ್ವಂತದ್ದೆಂದು ಇದ್ದದ್ದು ಒಂದು ಉದ್ದನೆಯ ಚಿಲುಮೆ, ಸೌದೆ ಹೊರಲು ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಮರದ ಚೌಕಟ್ಟು, ಮತ್ತು ಸುಮ್ಮನಿರಲು ಬಾರದ ಒಂದು ನಾಲಿಗೆ.

ಅವನು ಬಾಮ್‌ಗೋಲ್ ಹಳ್ಳಿಯ ಹೊಂಗ್ ಒಡೆಯರ ಮನೆಯ ಆಳು. ಆಳು ಎಂದರೆ ಸಂಜೆಗೆ ಕೂಲಿ ಇಸಿದುಕೊಂಡು ಹೋಗುವ ಆಳಲ್ಲ. ಮನೆಯ ತೊಲೆ, ಕಂಬ, ಒನಕೆಗಳ ಸಾಲಿಗೆ ಸೇರಿದ ಆಳು. ಅವನ ತಾಯಿ ಅದೇ ಮನೆಯ ಅಡುಗೆಯ ತೊತ್ತು. ತಂದೆ ಪಕ್ಕದ ಹಳ್ಳಿಯ ಕುಂಬಾರ, ಯಾರ ಹಂಗೂ ಇಲ್ಲದವನು. ಆದರೆ ಮಗುವಿಗೆ ಅಪ್ಪನ ಸ್ವಾತಂತ್ರ್ಯ ಅಂಟುವುದಿಲ್ಲ, ಅಮ್ಮನ ದಾಸ್ಯ ಅಂಟುತ್ತದೆ. ಹಸು ಯಾರದೋ ಕರು ಅವರದು ಎಂದು ಕಾನೂನು. ಹೀಗೆ ಬರೆದವನು ಬಹಳ ಓದಿಕೊಂಡವನೇ ಇರಬೇಕು. ಮಗುವಿಗೆ ಮನೆತನದ ಹೆಸರು ಸಿಗಲಿಲ್ಲ, ಬರೀ ಮುಸ್ವೆ ಎಂದಿಟ್ಟರು. ಎರಕದ ಕಬ್ಬಿಣ ಎಂದು ಅರ್ಥ. ಬಾಳಿಕೆ ಬರಲಿ ಎಂದಿದ್ದಿರಬಹುದು.

ಹೊಂಗ್ ಒಡೆಯರು ಕೆಟ್ಟವರೆಂದು ನಾನು ಹೇಳಲಾರೆ. ಸಣ್ಣ ದನಿಯ, ಬೆಳ್ಳನೆಯ ಕೈಗಳ, ಪುಸ್ತಕ ಬಿಟ್ಟು ತಲೆಯೆತ್ತದ ಮನುಷ್ಯ. ಅಂಥ ಮನೆತನದ ಗಂಡಸು ಕೊಡುಕೊಳ್ಳುವ ಮಾತು ಆಡಬಾರದು, ಕಚೇರಿಯ ಅಂಗಳದಲ್ಲಿ ಮಂಡಿಯೂರಬಾರದು, ವ್ಯವಹಾರದ ಕಾಗದದ ಮೇಲೆ ತನ್ನ ಹೆಸರು ಬೀಳಿಸಿಕೊಳ್ಳಬಾರದು. ಹಾಗಂತ ಗದ್ದೆ ಬೇಡವೇ? ಬೇಕು. ಗೆಲುವು ಬೇಡವೇ? ಅದೂ ಬೇಕು. ಅದಕ್ಕೇ ಆಳಿನ ಹೆಸರಲ್ಲಿ ಎಲ್ಲವೂ ನಡೆಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಮನೆಯಲ್ಲಿ ಕೈ ಒಬ್ಬನದು, ಬಾಯಿ ಇನ್ನೊಬ್ಬರದು.

ಮುಸ್ವೆಗೆ ಓದು ಬರಹ ಬಾರದು. ಬಾರದವರು ಕಾಗದದ ಮೇಲೆ ಅಂಗೈ ಊರಬೇಕು, ಗಂಡಸಾದರೆ ಎಡಗೈ, ಹೆಂಗಸಾದರೆ ಬಲಗೈ. ಗುಮಾಸ್ತ ಕುಂಚವನ್ನು ಮಸಿಯಲ್ಲಿ ಅದ್ದಿ ಬೆರಳುಗಳ ಸುತ್ತ ಗೆರೆ ಎಳೆಯುತ್ತಾನೆ. ಅದೇ ರುಜು. ಹದಿನೇಳನೆಯ ವಯಸ್ಸಿನಲ್ಲಿ ಮುಸ್ವೆ ಮೊದಲ ಸಲ ಕೈ ಊರಿದಾಗ ಕುಂಚದ ತುದಿ ಕಚಗುಳಿಯಿಟ್ಟು ಕಿಸಕ್ಕನೆ ನಕ್ಕ, ಕೈ ಜರುಗಿತು, ಒಳ್ಳೆಯ ಕಾಗದ ಹಾಳಾಯಿತು. ಗುಮಾಸ್ತ ಬಾಂಗ್ ಕುಂಚದ ಹಿಡಿಯಿಂದ ಅವನ ಗೆಣ್ಣಿಗೆ ಕುಟ್ಟಿ ಹೇಳಿದ:

"ಕುಂಚ ಸುತ್ತಾ ಬರೋವಾಗ ಕೈ ಅಲುಗಾಡಿಸ್ಬಾರ್ದು ಕಣೋ. ಮನೆಗೆ ಬೆಂಕಿ ಬಿದ್ರೂ ಸರಿ."

ಅಂದಿನಿಂದ ಅವನ ಕೈ ಅಲುಗಾಡಲಿಲ್ಲ. ಆ ಕಚೇರಿಯಲ್ಲಿ ಅಷ್ಟು ಚೊಕ್ಕವಾಗಿ ಮೂಡುವ ಕೈ ಇನ್ನೊಂದಿರಲಿಲ್ಲ ಎಂದು ಬಾಂಗನೇ ಹೊಗಳುತ್ತಿದ್ದ. ಮುಸ್ವೆಗೂ ಅದೊಂದು ಹೆಮ್ಮೆ.

ವಾದ ಮಾಡುವುದನ್ನೂ ಅವನು ಅಲ್ಲೇ ಕಲಿತ. ಗೋರಿಗುಡ್ಡದ ವ್ಯಾಜ್ಯವೆಂದರೆ ಆ ಸೀಮೆಯ ಜನಕ್ಕೆ ಊಟಕ್ಕಿಂತ ಹೆಚ್ಚು. ಒಳ್ಳೆಯ ಗುಡ್ಡದಲ್ಲಿ ಅಜ್ಜನನ್ನು ಹೂತರೆ ಮೊಮ್ಮಕ್ಕಳು ಉದ್ಧಾರವಾಗುತ್ತಾರೆಂದು ಒಬ್ಬರ ಗುಡ್ಡಕ್ಕೆ ಇನ್ನೊಬ್ಬರು ಕದ್ದು ಹೆಣ ಸಾಗಿಸುವುದು, ಆಮೇಲೆ ಕಚೇರಿಗೆ ಓಡುವುದು. ಹೊಂಗ್ ಮನೆಯ ಗುಡ್ಡಕ್ಕಾಗಿ ಮುಸ್ವೆ ಒಂಬತ್ತು ವರ್ಷ ವಾದಿಸಿ ಗೆದ್ದ. ಹೊಂಗರ ಮುತ್ತಾತ ಎಲ್ಲಿ, ಯಾವ ಪೈನ್ ಮರದ ಬುಡದಲ್ಲಿ, ಯಾವ ಕಡೆ ತಲೆಯಿಟ್ಟು ಮಲಗಿದ್ದಾರೆಂದು ಅವನಿಗೆ ಬಾಯಿಪಾಠ. ತನ್ನ ತಾತ ಎಲ್ಲಿ ಮಣ್ಣಾದನೋ ಗೊತ್ತಿರಲಿಲ್ಲ.

ಏಟು ತಿನ್ನುವುದರಲ್ಲೂ ಅವನದೊಂದು ಶೈಲಿ. ಕಂದಾಯ ತಡಮಾಡಿದವರು ಹೊಂಗರು, ಬೆಂಚಿನ ಮೇಲೆ ಬೋರಲು ಮಲಗಿದವನು ಮುಸ್ವೆ. ಹತ್ತು ಏಟಾದ ಮೇಲೆ ಎದ್ದು ಷರಾಯಿ ಕಟ್ಟಿಕೊಳ್ಳುತ್ತ, ಇನ್ನೆರಡು ಈಗಲೇ ಹಾಕಿಬಿಡಿ, ಮುಂದಿನ ವರ್ಷಕ್ಕೆ ಇರಲಿ, ಅಷ್ಟು ದೂರ ನಡೆದು ಬರುವುದೇ ಕಷ್ಟ ಎಂದಿದ್ದನಂತೆ. ಹೊಡೆಯುವವನೇ ಕೋಲು ಕೆಳಗಿಟ್ಟು ನಕ್ಕ.

ಸಣ್ಣವನಿದ್ದಾಗ ಅವನ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ರಾಜಧಾನಿಯ ಅರಮನೆಯ ಬಾಗಿಲಲ್ಲಿ ಸರ್ಕಾರಿ ಆಳುಗಳ ದಾಖಲೆಪುಸ್ತಕಗಳನ್ನೆಲ್ಲ ರಾಶಿ ಹಾಕಿ ಸುಟ್ಟರಂತೆ. ಸಾವಿರಾರು ಜನ ಒಂದು ಮಧ್ಯಾಹ್ನದೊಳಗೆ ಮನುಷ್ಯರಾಗಿಬಿಟ್ಟರು. ಹೊಗೆಯ ವಾಸನೆ ತನ್ನ ಮೂಗಿಗೂ ಬಂದಿತ್ತೆಂದು ಅಜ್ಜಿ ಆಣೆ ಹಾಕುತ್ತಿದ್ದಳು. ರಾಜಧಾನಿ ಎಂಟು ಹಗಲಿನ ದಾರಿ. "ನಮ್ದೂ ಸುಟ್ರಾ ಅಜ್ಜೀ?" ಎಂದು ಇವನು ಕೇಳಿದರೆ, "ನಮ್ದು ಖಾಸಗಿ ಪುಸ್ತಕ ಕಣ್ಲಾ, ಒಡೆಯರ ಪೆಟ್ಟಿಗೇಲಿ ಬೆಚ್ಚಗೈತೆ" ಎನ್ನುತ್ತಿದ್ದಳು. ಅವಳ ಮೂಗಿಗೆ ಬಂದದ್ದು ಅಷ್ಟೇ, ಬರೀ ವಾಸನೆ.

ಮುಸ್ವೆ ಅದೇ ಮನೆಯ ನೇಯ್ಗೆಯ ಬುನ್ನೆಯನ್ನು ಕಟ್ಟಿಕೊಂಡ. ಆರನೆಯ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು, ಆರನೆಯ ತಿಂಗಳು ಎಂದೇ ಹೆಸರಿಟ್ಟರು: ಯುವೊಲ್. ಮಗುವಿಗೆ ನಾಲ್ಕಾಗುವಾಗ ಬುನ್ನೆ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ಯುವೊಲ್ ಅಪ್ಪನ ಬೆನ್ನಿನ ಚೌಕಟ್ಟಿನ ಮೇಲೆಯೇ ಬೆಳೆದಳು, ಸೌದೆಯ ಮೇಲೊಂದು ಸೌದೆಯಂತೆ. ಮಾತಿನಲ್ಲಿ ಅಪ್ಪನನ್ನೇ ಮೀರಿಸಿದವಳು. ಅಷ್ಟೆತ್ತರದಿಂದ ದಾರಿಹೋಕರ ಟೋಪಿಗಳ ತೂತು ಎಣಿಸಿ ಕೂಗಿ ಹೇಳುತ್ತಿದ್ದಳು. ಮುಸ್ವೆಗೆ ಜಗತ್ತಿನಲ್ಲಿ ಬೇಕಾದದ್ದೆಲ್ಲ ಆ ಚೌಕಟ್ಟಿನ ಮೇಲೆ ಕೂತಿತ್ತು.

ಅವಳಿಗೆ ಒಂಬತ್ತಾದ ವರ್ಷ, ಉಳುಮೆಗೆ ಹತ್ತು ದಿನ ಇರುವಾಗ, ಹೊಂಗ್ ಮನೆಯ ಎತ್ತು ಸತ್ತಿತು. ನದಿಯಾಚೆಯ ಜಾಂಗ್ ಒಡೆಯರ ಮನೆಯಲ್ಲಿ ಎತ್ತುಗಳು ಹೆಚ್ಚು, ಒಳಗೆಲಸಕ್ಕೆ ಹೆಣ್ಣಾಳು ಕಡಿಮೆ. ಒಡೆಯರಿಬ್ಬರೂ ಹೂವಿನ ಮೇಲೆ ಪದ್ಯ ಬರೆದು ಕಳಿಸಿಕೊಳ್ಳುವ ಸ್ನೇಹಿತರು. ಒಂದು ಬೆಳಿಗ್ಗೆ ಹೊಂಗರು ಮುಸ್ವೆಯನ್ನು ಜಗಲಿಗೆ ಕರೆಸಿದರು. ಬಾಂಗ್ ಕಾಗದ ಹಾಸಿಕೊಂಡು ಕೂತಿದ್ದ. ಎತ್ತಿನ ಕಾಗದ ಎಂದರು. ಮುಸ್ವೆ ಎಂದಿನಂತೆ ಎಡಗೈ ಊರಿದ, ಎಂದಿನಂತೆ ಚೇಷ್ಟೆಯಾಗಿ ಕೇಳಿದ:

"ಎತ್ತಿಗೆ ನಾವೇನ್ ಕೊಡ್ತಿದೀವಿ ಬುದ್ಧೀ?"

ಹೊಂಗರು ಪುಸ್ತಕದ ಹಾಳೆ ತಿರುವಿದರು. ಬಾಂಗ್ ತಲೆಯೆತ್ತಲಿಲ್ಲ. ಕುಂಚ ಹೆಬ್ಬೆರಳನ್ನು ಸುತ್ತಿ, ತೋರುಬೆರಳನ್ನು ಹತ್ತಿ ಇಳಿಯಿತು. ಆ ಮೌನದಲ್ಲಿ ಮುಸ್ವೆಗೆ ಅರ್ಥವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇನ್ನೂ ಮೂರು ಬೆರಳು ಉಳಿದಿದ್ದವು. ಕೈ ಎಳೆದುಕೊಂಡಿದ್ದರೆ ಕಾಗದ ಹಾಳಾಗುತ್ತಿತ್ತು. ಇನ್ನೊಂದು ಕಾಗದ ತರುತ್ತಿದ್ದರು, ಏಟೂ ಬೀಳುತ್ತಿತ್ತು, ಆದರೆ ಆ ಕಾಗದ ಹಾಳಾಗುತ್ತಿತ್ತು. ಅವನ ಕೈ ಅಲುಗಾಡಲಿಲ್ಲ. ಕುಂಚ ಕಿರುಬೆರಳನ್ನು ಸುತ್ತಿ ಮಣಿಕಟ್ಟಿಗೆ ಬಂದು ನಿಂತಿತು.

ಮಾರನೆಯ ದಿನ ಯುವೊಲ್ ಚೌಕಟ್ಟಿನ ಮೇಲೆ ಕೂತು ನದಿ ದಾಟಿದಳು, ದಾರಿಯುದ್ದಕ್ಕೂ ಟೋಪಿಗಳ ತೂತು ಎಣಿಸಿದಳು. ಜಾಂಗ್ ಮನೆಯ ಹೆಬ್ಬಾಗಿಲಲ್ಲಿ ಅವಳನ್ನು ಇಳಿಸಿ, ಎತ್ತಿನ ಹಗ್ಗ ಹಿಡಿದು, ಮುಸ್ವೆ ಅದೇ ದಾರಿಯಲ್ಲಿ ಮರಳಿದ. ಆ ಒಂದು ದಿನ ಅವನು ಯಾರೊಂದಿಗೂ ತಮಾಷೆ ಮಾಡಲಿಲ್ಲವಂತೆ. ಕಾಗದದ ಪ್ರಕಾರ ಆ ಹುಡುಗಿಯನ್ನು ಕೊಟ್ಟವನು ಮುಸ್ವೆ. ಹೊಂಗರ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಈ ಮಾತಿಗೇ: ಕಿತ್ತುಕೊಳ್ಳುವವರಿಗೆ ಕಿತ್ತುಕೊಂಡೆ ಎನ್ನುವಷ್ಟು ನಿಯತ್ತಾದರೂ ಇರಬೇಕು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು, ಏಕೆಂದರೆ ಅವು ಒಂದರಂತೆ ಒಂದಿದ್ದವು. ಹನ್ನೊಂದು ವರ್ಷ ಆ ಎತ್ತಿನಿಂದ ಉತ್ತ. ಹುಲ್ಲು ಕತ್ತರಿಸುವ ಅಲಗಿಗೆ ಸಿಕ್ಕಿ ಎಡಗೈಯ ನಡುಬೆರಳಿನ ಎರಡು ಗೆಣ್ಣು ಹೋಯಿತು. ಇನ್ನು ಮುಂದೆ ದಾಸ್ಯ ತಾಯಿಯಿಂದ ಮಗುವಿಗೆ ಇಳಿಯಬಾರದೆಂದು ಅರಮನೆಯಿಂದ ಒಂದು ಆಜ್ಞೆ ಬಂತು. ಆಗಲೇ ಹುಟ್ಟಿ ಎತ್ತಿಗೆ ಬದಲಾಗಿ ಹೋದವರ ಮಾತನ್ನು ಯಾರೂ ಎತ್ತಲಿಲ್ಲ. ನದಿಯಾಚೆ ಕೆಲಸವಿದ್ದಾಗಲೆಲ್ಲ ಮುಸ್ವೆ ಜಾಂಗ್ ಮನೆಯ ಬಾವಿಯ ಮುಂದೆಯೇ ಸುತ್ತಿ ಬರುತ್ತಿದ್ದ. ಯುವೊಲ್‌ಳನ್ನು ಕಂಡದ್ದು ಎರಡೇ ಸಲ. ಎರಡು ಸಲವೂ ಅವಳು ಅವನನ್ನು ಗುರುತಿಸಿ, ಕೊಡ ತುಂಬಿಕೊಂಡು, ಬೆನ್ನು ತಿರುಗಿಸಿ ಹೋದಳು.

ಅವರ ಪಂಚಾಂಗದ ಕುದುರೆ ವರ್ಷದ ಬೇಸಿಗೆಯಲ್ಲಿ, ಮುಸ್ವೆಗೆ ಐವತ್ತೆರಡಾದಾಗ, ಕಚೇರಿಯ ಗೋಡೆಗೆ ಒಂದು ಕಾಗದ ಅಂಟಿತು. ಇನ್ನು ಮೇಲೆ ಸರ್ಕಾರದ್ದಾಗಲಿ ಖಾಸಗಿಯದಾಗಲಿ ಆಳು, ತೊತ್ತು ಎಂಬುದಿಲ್ಲ. ಮನುಷ್ಯರನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬಾಂಗ್ ಗಟ್ಟಿಯಾಗಿ ಓದಿದ. ಅಂಗಳದಲ್ಲಿ ನಿಂತವರು ಮೊದಲು ನಂಬಲಿಲ್ಲ, ಆಮೇಲೆ ಅಕ್ಕಿ ಹೆಂಡದ ಅಂಗಡಿಗೆ ಹೋದರು. ಹೊಂಗರು ಮುಸ್ವೆಯನ್ನು ಕರೆದು, ಇರುವುದಾದರೆ ಇರು, ಹೋಗುವುದಾದರೆ ಹೋಗು ಎಂದು ಪುಸ್ತಕದ ಕಡೆಗೇ ನೋಡುತ್ತ ಹೇಳಿದರು. ಮುಸ್ವೆ ಆ ಬೆಳಿಗ್ಗೆಯೇ ನದಿ ದಾಟಿದ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹೆಬ್ಬಾಗಿಲಲ್ಲಿ ಜಾಂಗರ ಮಗ, ಈಗ ಅವನೇ ಒಡೆಯ, ನಯವಾಗಿ ನಕ್ಕ. ನಮ್ಮಲ್ಲಿ ತೊತ್ತುಗಳೇ ಇಲ್ಲವಲ್ಲ, ಆ ಹುಡುಗಿಯನ್ನು ಅವಳ ಅಪ್ಪ ತಾನಾಗಿ ನಮ್ಮ ಮನೆಗೆ ಒಪ್ಪಿಸಿದ್ದಾನೆ, ಇದೋ ಅವನ ಕೈ ಎಂದು ಕಾಗದ ಬಿಡಿಸಿ ತೋರಿಸಿದ. ಅಪ್ಪ ಮಗಳನ್ನು ಒಪ್ಪಿಸುವುದನ್ನು ಯಾವ ಕಾನೂನು ತಡೆಯುತ್ತದೆ? ಸಾಕಿದ ಖರ್ಚು ತೀರುವವರೆಗೆ ಅವಳು ಇಲ್ಲಿಯೇ ಇರುತ್ತಾಳೆ ಎಂದ. ಅಂದರೆ ಸಾಯುವವರೆಗೆ.

ಮುಸ್ವೆ ನೇರ ಬಾಂಗ್ ಬಳಿಗೆ ಹೋಗಿ ದೂರು ಬರೆಯಲು ಹೇಳಿದ. ಮೂವತ್ತೈದು ವರ್ಷಗಳಲ್ಲಿ ಅವನ ದೂರುಗಳೆಲ್ಲ "ಹೊಂಗ್ ಮನೆಯ ಆಳು ಮುಸ್ವೆ" ಎಂದೇ ಶುರುವಾಗಿದ್ದವು. ಮುದುಕನಾಗಿದ್ದ ಬಾಂಗ್ ಅಭ್ಯಾಸದಿಂದ ಹಾಗೆಯೇ ಬರೆದು, ನಿಂತು, ಗೀಚಿ ಹಾಕಿದ. ಈಗ ಏನೆಂದು ಬರೆಯಲಿ ಎಂದು ಕೇಳಿದ.

"ಯುವೊಲ್ ಅಪ್ಪ ಅಂತ ಬರೀರಿ," ಎಂದ ಮುಸ್ವೆ. "ಬೇರೆ ಯಾರೂ ಆಗಿಲ್ಲ ನಾನಿನ್ನೂ."

ವಿಚಾರಣೆಯ ದಿನ ಅಂಗಳ ತುಂಬಿತ್ತು. ಟೋಪಿಯ ದೊಡ್ಡಮನುಷ್ಯರೂ ಹತ್ತಾರು ಜನ ಬಂದಿದ್ದರು, ಪ್ರತಿಯೊಬ್ಬರ ಮನೆಯಲ್ಲೂ ಇಂಥದೊಂದು ಕಾಗದ ಇತ್ತಲ್ಲ. ಪಾಪ, ಜಾಂಗ್ ಒಡೆಯ! ಅವನ ಮನೆಯವರು ಏಳು ತಲೆಮಾರಿನಿಂದ ಕಚೇರಿಗೆ ಆಳನ್ನೇ ಕಳಿಸಿದವರು. ಆ ಆಳು ಗೋಡೆಗೆ ಕಾಗದ ಅಂಟಿದ ಮೂರನೆಯ ದಿನವೇ ಹೊರಟುಹೋಗಿದ್ದ. ಈಗ ಸ್ವತಃ ಬರಬೇಕಾಗಿ ಬಂದು, ಎಲ್ಲಿ ನಿಲ್ಲಬೇಕೋ ತಿಳಿಯದೆ ಏಟಿನ ಬೆಂಚಿನ ಪಕ್ಕ ನಿಂತುಬಿಟ್ಟಿದ್ದ. ಮುಸ್ವೆಗೆ ತಡೆಯಲಾಗಲಿಲ್ಲ.

"ಅಲ್ಲಲ್ಲ ಬುದ್ಧೀ, ಅದು ಹೊಡ್ಸಿಕೊಳ್ಳೋ ಜಾಗ," ಎಂದು ಮೆಲ್ಲಗೆ ಹೇಳಿ ತೋಳು ಹಿಡಿದು ಕರೆತಂದ. "ಇಲ್ಲಿ ಮಂಡಿಯೂರಿ. ಎಡಗಡೆ ಕಲ್ಲು ಚುಚ್ತದೆ, ಒಂಚೂರು ಈ ಕಡೆ. ಹೆಸರು ಕೂಗೋ ತನಕ ತಲೆ ಎತ್ಬೇಡಿ."

ಅಂಗಳವೆಲ್ಲ ನಕ್ಕಿತು. ಆಗ ಯುವೊಲ್‌ಳನ್ನು ಕರೆತಂದು ಕಂಬದ ಪಕ್ಕ ನಿಲ್ಲಿಸಿದರು. ಇಪ್ಪತ್ತನಾಲ್ಕರ ಹೆಂಗಸು, ಬುನ್ನೆಯದೇ ಹಣೆ. ಕೈಯಲ್ಲೊಂದು ಬಟ್ಟೆಯ ಗಂಟು. ಅವಳು ಅಪ್ಪನ ಮುಖ ನೋಡಲಿಲ್ಲ, ಅವನ ಎಡಗೈಯನ್ನು ನೋಡುತ್ತಿದ್ದಳು. ಮುಸ್ವೆಯ ನಗು ಅಲ್ಲಿಗೇ ನಿಂತಿತು.

ಅಧಿಕಾರಿ ಕಾಗದ ಹಾಸಿಸಿ, ಗುರುತಿನ ಮೇಲೆ ಕೈಯಿಡು ಎಂದ. ಮುಸ್ವೆ ಇಟ್ಟ. ಗೆರೆಯೊಳಗಿನ ಕೈಗೆ ಐದು ಬೆರಳು, ಮೇಲಿದ್ದ ಕೈಗೆ ನಾಲ್ಕೂಕಾಲು. ಬಾಂಗ್ ಬಗ್ಗಿ ನೋಡುವ ನೆಪದಲ್ಲಿ ಅವನ ಕಿವಿಯಲ್ಲಿ, ನನ್ನದಲ್ಲ ಅಂದುಬಿಡು, ಕೆಲಸ ಮುಗಿಯಿತು ಎಂದು ಪಿಸುಗುಟ್ಟಿದ. ನಿಜ, ಒಂದು ಮಾತಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ನಿನ್ನಪ್ಪನೇ ಕೊಟ್ಟದ್ದು ನೋಡು ಎಂದು ಆ ಕಾಗದವನ್ನು ಹದಿನೈದು ವರ್ಷ ಮುಖಕ್ಕೆ ಹಿಡಿಸಿಕೊಂಡವಳು ಕಂಬದ ಪಕ್ಕದಲ್ಲಿ ನಿಂತಿದ್ದಳು.

"ನನ್ನದೇ ಕೈ ಸ್ವಾಮಿ," ಎಂದ ಮುಸ್ವೆ.

ಬಾಂಗ್ ಹಣೆ ಚಚ್ಚಿಕೊಂಡ. ಜಾಂಗ್ ಮೊದಲ ಸಲ ತಲೆಯೆತ್ತಿ ನಕ್ಕ. ಹಾಗಾದರೆ ಇನ್ನೇನು ಹೇಳುವುದಿದೆ ಎಂದು ಅಧಿಕಾರಿ ಕೇಳಿದ.

"ಒಂದೇ ಮಾತು ಸ್ವಾಮಿ. ಇದೇ ಕೈಯಿಂದ ಹೊಂಗ್ ಮನೆ ಹದಿನಾಲ್ಕು ಗದ್ದೆ ಕೊಂಡಿದೀನಿ, ಗೋರಿಗುಡ್ಡ ಗೆದ್ದಿದೀನಿ, ಎಲ್ಲ ನಿಮ್ಮ ಕಟ್ಟಿನಲ್ಲೈತೆ. ಕೈಯಿಟ್ಟೋನೇ ಯಜಮಾನ ಅನ್ನೋದಾದ್ರೆ ಮಗಳನ್ನ ಕೊಟ್ಟೋನು ನಾನೇ, ಒಪ್ಪಿದೆ. ಆ ಹದಿನಾಲ್ಕು ಗದ್ದೇನೂ ಗುಡ್ಡಾನೂ ಇವತ್ತೇ ನನಗೆ ಕೊಡಿಸಿ. ಅಲ್ಲ, ಗದ್ದೆ ಹೊಂಗರದೇ ಅನ್ನೋದಾದ್ರೆ ಮಗಳನ್ನ ಕೊಟ್ಟೋರೂ ಹೊಂಗರೇ. ಒಡೆಯರು ಒಡೆಯರಿಗೆ ಕೊಟ್ಟ ಹೆಣ್ಣಿಗೆ ಏನಂತಾರೆ ಅಂತ ನಿಮ್ಮ ಗೋಡೆ ಮೇಲೆ ಬರೆದೈತೆ. ಯಾವುದಾದ್ರೂ ಒಂದು ಹೇಳಿ, ನನಗೆ ಎರಡೂ ಅಡ್ಡಿಯಿಲ್ಲ."

ಟೋಪಿಗಳ ಸಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬೊಬ್ಬರಿಗೂ ತಮ್ಮ ತಮ್ಮ ಗದ್ದೆಗಳು ಯಾವ ಯಾವ ಆಳಿನ ಅಂಗೈಯೊಳಗಿವೆಯೆಂದು ನೆನಪಾಯಿತು. ಜಾಂಗನಿಗೂ ಆಯಿತು: ಅವನ ನದಿದಂಡೆಯ ಭೂಮಿಯೆಲ್ಲ ಆ ಓಡಿಹೋದ ಆಳಿನ ಕೈಯಲ್ಲಿತ್ತು. ಹಿಂದಿನಿಂದ ಯಾರೋ ಅವನ ತೋಳು ಎಳೆದು ಏನೋ ಹೇಳಿದರು. ಅವನು ಕೆಂಪೇರಿ, ಹುಡುಗಿ ಹೋಗುವುದಾದರೆ ಹೋಗಲಿ, ನಾವೇನು ಹಿಡಿದಿಟ್ಟಿಲ್ಲ ಎಂದು ಗೊಣಗಿದ. ಅಧಿಕಾರಿಗೆ ನಗು ತಡೆಯಲು ಗಡ್ಡ ನೀವಿಕೊಳ್ಳಬೇಕಾಯಿತು. ಅವಳು ಯಾರ ತೊತ್ತೂ ಅಲ್ಲ, ಇಷ್ಟ ಬಂದಲ್ಲಿಗೆ ಹೋಗಬಹುದು ಎಂದು ತೀರ್ಪಿತ್ತು ಕಾಗದವನ್ನು ಹರಿಯಲು ಹೇಳಿದ. ಯುವೊಲ್ ಮುಂದೆ ಬಂದು, ಹರಿಯಬೇಡಿ, ನನಗೆ ಕೊಡಿ ಎಂದಳು. ಕೊಟ್ಟರು.

ಇಷ್ಟ ಬಂದಲ್ಲಿಗೆ ಎಂದರೆ ಎಲ್ಲಿಗೆ? ಮುಸ್ವೆ ಕಚೇರಿಯ ಬಾಗಿಲಾಚೆಯ ಜೆಲ್ಕೋವಾ ಮರದ ಕೆಳಗೆ ಕಾಯುತ್ತ ನಿಂತ. ಹೆಂಡದಂಗಡಿಯಿಂದ ಕರೆದರೂ ಹೋಗಲಿಲ್ಲ. ಯುವೊಲ್ ಬಂದು ಎದುರಿಗೆ ನಿಂತು ಕಾಗದ ಬಿಡಿಸಿದಳು.

"ಒಳಗೆ ಚೆನ್ನಾಗಿ ಮಾತಾಡ್ದೆ," ಎಂದಳು. "ಕೈ ನಿಂದು, ಕೊಟ್ಟೋರು ಹೊಂಗರು. ಕಚೇರಿಗೆ ಅಷ್ಟು ಸಾಕು. ಈ ಗೆರೆ ನೋಡು. ಎಷ್ಟು ವರ್ಷ ನೋಡಿದೀನಿ ಗೊತ್ತಾ ಇದನ್ನ? ಒಂದು ಕಡೇನಾದ್ರೂ ನಡುಗಿದೆಯಾ ಅಂತ ಹುಡುಕ್ತಿದ್ದೆ. ಎಲ್ಲೂ ಇಲ್ಲ. ನಿನಗೆ ಗೊತ್ತಿರ್ಲಿಲ್ವಾ ಅದೇನು ಕಾಗದ ಅಂತ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಎತ್ತಿನ ಕಾಗದ ಎಂದೇ ಹೇಳಿದ್ದರು, ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ.

"ಎರಡನೇ ಬೆರಳಿಗೆ ಬರೋವಾಗ ಗೊತ್ತಾಯ್ತು," ಎಂದ. "ಇನ್ನೂ ಮೂರು ಬೆರಳು ಇತ್ತು. ಎಳ್ಕೋಬಹುದಿತ್ತು. ಎಳ್ಕೊಳ್ಳಲಿಲ್ಲ."

ಯುವೊಲ್ ಕಾಗದವನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಆಮೇಲೆ ನದಿಯ ಕಡೆಗೆ ನಡೆಯತೊಡಗಿದಳು. ಜತೆಗೆ ಬರಬೇಕೋ ಬೇಡವೋ ತಿಳಿಯದೆ ಮುಸ್ವೆ ಹತ್ತು ಹೆಜ್ಜೆ ಹಿಂದೆ ನಡೆದ. ದಾರಿಹೋಕನೊಬ್ಬ ಎದುರಾದ, ಅವನ ಟೋಪಿಯಲ್ಲಿ ಎರಡು ತೂತಿದ್ದವು, ಇಬ್ಬರೂ ನೋಡಿದರು, ಇಬ್ಬರೂ ಎಣಿಸಲಿಲ್ಲ. ದೋಣಿಕಟ್ಟೆಯ ಹತ್ತಿರ ಅವಳು ತಿರುಗದೆಯೇ ಕೇಳಿದಳು:

"ಆ ಎತ್ತು ಚೆನ್ನಾಗಿ ಉಳ್ತಿತ್ತಾ?"

"ಸೋಮಾರಿ ಎತ್ತು," ಎಂದ ಮುಸ್ವೆ. "ಅರ್ಧ ಸಾಲಿಗೆ ನಿಂತುಬಿಡೋದು. ಹನ್ನೊಂದು ವರ್ಷ. ಒಂದು ದಿನಾನೂ ಹೊಡೀಲಿಲ್ಲ ನಾನು ಅದಕ್ಕೆ. ಊರೋರೆಲ್ಲ ನಗ್ತಿದ್ರು."

ಯುವೊಲ್ ನಿಂತಳು. ಅವನು ಹತ್ತಿರ ಬರುವವರೆಗೆ ನದಿಯನ್ನೇ ನೋಡುತ್ತಿದ್ದಳು. ಅವನು ಬಲಗೈ ಚಾಚಿ, ಗಂಟು ಕೊಡು, ಹೊರುತ್ತೇನೆ ಎಂದ.

"ಆ ಕೈ ಅಲ್ಲ," ಎಂದಳು ಅವಳು, ಮತ್ತು ಗಂಟನ್ನು ಅವನ ಎಡಗೈಗೆ ಕೊಟ್ಟಳು.